ಬಾಯಿಮಾತಿನ ಆದೇಶ

1964ರ ಅಕ್ಟೋಬರ್ 23ರಂದು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ವಿ. ಎಂ. ತಾರ್ಕುಂಡೆಯವರು ಒಂದು ಆದೇಶವನ್ನಿತ್ತರು. ಕಾಗದದ ಮೇಲಲ್ಲ, ಬಾಯಿಮಾತಿನಲ್ಲಿ. 'ಬ್ಲಿಟ್ಜ್' ವಾರಪತ್ರಿಕೆಯ ಸಂಪಾದಕ ಆರ್. ಕೆ. ಕರಂಜಿಯಾ ಮತ್ತಿತರರ ವಿರುದ್ಧ ಉದ್ಯಮಿ ಕೃಷ್ಣರಾಜ ಠಾಕರ್ಸಿಯವರು ಹೂಡಿದ್ದ ಮಾನನಷ್ಟ ದಾವೆಯ ವಿಚಾರಣೆ ಅದು. ತನ್ನ ಹಿಂದಿನ ಹೇಳಿಕೆ ಪತ್ರಿಕೆಗಳಲ್ಲಿ ಬಂದು ವ್ಯಾಪಾರಕ್ಕೆ ನಷ್ಟವಾಯಿತು, ಇನ್ನು ಮುಂದೆ ಅದು ಪ್ರಕಟವಾಗಬಾರದು ಎಂದು ಸಾಕ್ಷಿಯೊಬ್ಬ ಬೇಡಿದ. ನ್ಯಾಯಮೂರ್ತಿಗಳು ಒಪ್ಪಿದರು. ಆದೇಶವನ್ನು ಲಿಖಿತವಾಗಿ ಕೊಡಿರೆಂದಾಗ, ಮೌಖಿಕ ಆದೇಶವೇ ಸಾಕು ಎಂದರು.

ಸರ್ಕಾರಿ ನೌಕರನಾದ ನನಗೆ ಇಲ್ಲಿ ನಗು ಬರುತ್ತದೆ. ಮೇಲಧಿಕಾರಿಯ ಮೌಖಿಕ ಆದೇಶವನ್ನು ಬರಹದಲ್ಲಿ ದೃಢಪಡಿಸಿಕೊಳ್ಳಬೇಕೆಂಬುದು ನಮ್ಮ ನಡತೆ ನಿಯಮಗಳ ಬೋಧೆ. ನ್ಯಾಯಪೀಠಕ್ಕೆ ಆ ಕಟ್ಟುಪಾಡಿರಲಿಲ್ಲ.

ಬ್ಲಿಟ್ಜ್‌ನ ವರದಿಗಾರ ನರೇಶ್ ಶ್ರೀಧರ ಮಿರಜ್‌ಕರ್ ಮೊದಲು ಅದೇ ಹೈಕೋರ್ಟಿನ ವಿಭಾಗೀಯ ಪೀಠದ ಬಾಗಿಲು ತಟ್ಟಿದರು. ಹೈಕೋರ್ಟಿನದೇ ನ್ಯಾಯಿಕ ಆದೇಶದ ಮೇಲೆ ರಿಟ್ ಹೊರಡದು ಎಂದು ಆ ಪೀಠ ಅರ್ಜಿಯನ್ನು ವಜಾ ಮಾಡಿತು. ಆಗ ಮಿರಜ್‌ಕರ್ ಮತ್ತಿತರ ಪತ್ರಕರ್ತರು ಸಂವಿಧಾನದ 32ನೆಯ ವಿಧಿಯನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು.

ಸರ್ಷಿಯೊರರಿ ಎಂಬ ರಿಟ್ಟಿನ ಮೂಲ ಇಂಗ್ಲೆಂಡಿನದು: ರಾಜನ ಪೀಠವು ಕೆಳ ನ್ಯಾಯಾಲಯದ ಕಡತವನ್ನು ತರಿಸಿಕೊಂಡು, ಅದು ತನ್ನ ಅಧಿಕಾರವ್ಯಾಪ್ತಿಯನ್ನು ಮೀರಿದೆಯೇ ಎಂದು ನೋಡುವ ಉಪಾಯ. ಇದು ಮೇಲ್ಮನವಿಯಲ್ಲ. ತೀರ್ಪು ತಪ್ಪಾಗಿದ್ದರೆ ಸಾಲದು, ಮೇರೆ ಮೀರಿರಬೇಕು. 227ನೆಯ ವಿಧಿಯನ್ವಯ ಹೈಕೋರ್ಟುಗಳಿಗಿರುವ ಮೇಲ್ವಿಚಾರಣೆಯ ಅಧಿಕಾರವೂ ಕೇವಲ ತಪ್ಪು ತಿದ್ದುವುದಕ್ಕಲ್ಲವೆಂದು ಸುಪ್ರೀಂ ಕೋರ್ಟು 1954ರಲ್ಲೇ ವಾರ್ಯಾಮ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಆದರೆ ಇಲ್ಲಿ ವಿಚಾರಣಾ ನ್ಯಾಯಾಧೀಶರೇ ಹೈಕೋರ್ಟಿನವರು! ಅವರನ್ನು 'ಕೆಳಗಿನವರು' ಎನ್ನುವುದೆಂತು?

ಒಂಬತ್ತು ನ್ಯಾಯಮೂರ್ತಿಗಳ ಪೀಠ 1966ರ ಮಾರ್ಚ್ 3ರಂದು ತೀರ್ಪಿತ್ತಿತು. ಬಹುಮತದ ತೀರ್ಪನ್ನು ಬರೆದ ಮುಖ್ಯ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್‌ಕರ್ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತವರು. ನಮ್ಮ ಗಜೇಂದ್ರಗಡವನ್ನು ಹೆಸರಿನಲ್ಲೇ ಹೊತ್ತವರು. ನ್ಯಾಯನಿರ್ವಹಣೆಗೆ ಅಗತ್ಯವಾದರೆ ಪ್ರಕಟಣೆಯನ್ನು ತಡೆಯುವ ಅಂತರ್ಗತ ಅಧಿಕಾರ ಹೈಕೋರ್ಟಿಗಿದೆ, ನ್ಯಾಯಿಕ ಆದೇಶವು 19ನೆಯ ವಿಧಿಯ ಹಕ್ಕನ್ನು ಭಂಗಿಸಿತೆನ್ನಲಾಗದು, ಹೈಕೋರ್ಟಿನ ಮೇಲೆ ಸರ್ಷಿಯೊರರಿ ಹೊರಡದು ಎಂದು ಅವರು ನಿರ್ಣಯಿಸಿದರು. ನೊಂದವರು ಮೇಲ್ಮನವಿಯ ದಾರಿ ಹಿಡಿಯಬೇಕು.

ಅರ್ಜಿಗಳನ್ನು ಪುರಸ್ಕರಿಸಬೇಕೆಂದವರು ಎಂ. ಹಿದಾಯತುಲ್ಲಾ ಒಬ್ಬರೇ. ಸಾಕ್ಷಿಯ ವ್ಯಾಪಾರಕ್ಕೆ ಧಕ್ಕೆಯಾದೀತೆಂಬ ಕಾರಣ ತೆರೆದ ನ್ಯಾಯಾಲಯದ ವರದಿಯನ್ನು ತಡೆಯಲು ಸಾಲದೆಂದೂ, ನ್ಯಾಯಾಧೀಶನಿಂದಲೂ ಮೂಲಭೂತ ಹಕ್ಕಿಗೆ ಚ್ಯುತಿಯಾಗಬಲ್ಲುದೆಂದೂ ಅವರು ಬರೆದರು. ನನ್ನ ಮನಸ್ಸು ಆ ಒಂಟಿ ದನಿಯ ಕಡೆಗೇ ವಾಲುತ್ತದೆ. ದಾವೆಯಲ್ಲಿ ವಾದಿಯೂ ಅಲ್ಲದ, ಪ್ರತಿವಾದಿಯೂ ಅಲ್ಲದ ವರದಿಗಾರನಿಗೆ ಮೇಲ್ಮನವಿಯ ದಾರಿ ಎಷ್ಟು ಸುಗಮ?

ಇನ್ನೊಂದು ವಿಚಿತ್ರ. ಆ ಮೌಖಿಕ ಆದೇಶವನ್ನಿತ್ತ ತಾರ್ಕುಂಡೆಯವರೇ 1969ರಲ್ಲಿ ಪೀಠವನ್ನು ಬಿಟ್ಟು, ಮುಂದೆ ಜಯಪ್ರಕಾಶ ನಾರಾಯಣರ ಜೊತೆಗೂಡಿ ದೇಶದ ನಾಗರಿಕ ಹಕ್ಕುಗಳ ಹೋರಾಟಕ್ಕೆ ಮುಂದಾಳಾದರು.

ತೀರ್ಪು ಮಾತ್ರ ಉಳಿಯಿತು. ಸುಪ್ರೀಂ ಕೋರ್ಟಿನ ಅಂತಿಮ ತೀರ್ಪನ್ನು ರಿಟ್ ಮೂಲಕ ಪ್ರಶ್ನಿಸಲಾಗದೆಂದು 2002ರಲ್ಲಿ ರೂಪಾ ಹುರ್ರಾ ಪ್ರಕರಣದಲ್ಲಿ ಹೇಳುವಾಗ ಇದನ್ನೇ ಆಧರಿಸಲಾಯಿತು. ಆದರೂ ಅಲ್ಲಿ 'ಕ್ಯುರೇಟಿವ್' ಅರ್ಜಿಯೆಂಬ ಕಿರುಬಾಗಿಲೊಂದು ತೆರೆಯಿತು. 2015ರಲ್ಲಿ ರಾಧೇಶ್ಯಾಮ್ ಪ್ರಕರಣದಲ್ಲಿ, ಸಿವಿಲ್ ನ್ಯಾಯಾಲಯಗಳ ನ್ಯಾಯಿಕ ಆದೇಶಗಳೂ 226ನೆಯ ವಿಧಿಯ ರಿಟ್ಟಿನಿಂದ ಹೊರಗೆ ಎಂದಾಯಿತು. ಅವುಗಳಿಗೆ 227ರ ಮೇಲ್ವಿಚಾರಣೆಯೊಂದೇ ಉಳಿಯಿತು.