ಬೆಟ್ಟುಗದ್ದೆ, ಮಳೆ ಮತ್ತು ಚಕಮಕಿ ಕೋವಿ: ಬೆಳ್ತಂಗಡಿ ಸೀಮೆಯ ಬೇಟೆಯ ಕುರಿತು ಒಂದು ವಿಚಾರ

ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗಳ ಸ್ಥೂಲ ಚರಿತ್ರೆಯಲ್ಲಿ ಹೆಚ್ಚಿನ ವಿವಾದವಿಲ್ಲ. ಉರಿಯುವ ಬತ್ತಿಯ ಕೋವಿ ಮೊದಲು, ಚಕಮಕಿ ಕಲ್ಲಿನದು ಆಮೇಲೆ. 1807ರಲ್ಲಿ ಅಲೆಕ್ಸಾಂಡರ್ ಫೋರ್ಸೈತ್ ಪಡೆದ ಪೇಟೆಂಟಿನಿಂದ ಹೊರಟ ದಾರಿ ಕೇಪಿನ ಕೋವಿಗೆ, ಅಂದರೆ ಬಡಿದರೆ ಸಿಡಿಯುವ ಮದ್ದಿನ ಪುಟ್ಟ ಟೊಪ್ಪಿಯಿಂದ ಹೊತ್ತುವ ಕೋವಿಗೆ, ಬಂದು ಮುಟ್ಟಿತು. ಟಿಪ್ಪುವಿನ ಕಾರ್ಖಾನೆಗಳಲ್ಲಿ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. 1794ರಲ್ಲಿ ಅವನು ಬೆಳ್ತಂಗಡಿಯ ಬಳಿ ಕಟ್ಟಿಸಿದ ಜಮಲಾಬಾದ್ ಕೋಟೆ 1799ರಲ್ಲಿ ಕಂಪೆನಿಯ ವಶವಾದಾಗಲೂ ಸೈನ್ಯದ ಕೋವಿಯೆಂದರೆ ಚಕಮಕಿಯದೇ. ಆದರೂ ಈ ಸೀಮೆಯ ಬೇಟೆಗೆ ನಿಕಟವಾಗಿ ಉಳಿದದ್ದು ಕೇಪಿನ ಕೋವಿ. ಮಳೆಯೇ ಇದಕ್ಕೆ ಕಾರಣವೆಂಬ ವಿವರಣೆ ಸುಲಭವಾಗಿ ಒಪ್ಪಿಗೆಯಾಗುತ್ತದೆ. ಅದು ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ.

ಚಕಮಕಿ ಕೋವಿಯ ಕುದುರೆ ಬಿದ್ದಾಗ ಕಲ್ಲು ಉಕ್ಕಿನ ಹಲಗೆಗೆ ಉಜ್ಜಿ ಕಿಡಿ ಹಾರುತ್ತದೆ. ಬಟ್ಟಲಲ್ಲಿಟ್ಟ ಚಿಟಿಕೆ ಮದ್ದು ಹೊತ್ತಿ, ಕಿವಿಯ ತೂತಿನ ಮೂಲಕ ನಳಿಗೆಯೊಳಗಿನ ಮದ್ದಿಗೆ ಬೆಂಕಿ ಮುಟ್ಟುತ್ತದೆ. ಉಕ್ಕು ಒದ್ದೆಯಾದರೆ ಕಿಡಿಯಿಲ್ಲ, ಬಟ್ಟಲು ಒದ್ದೆಯಾದರೆ ಉರಿಯಿಲ್ಲ. ಕೇಪಿನ ಕೋವಿಗೆ ಇವೆರಡರ ಹಂಗಿಲ್ಲ. ಆದರೆ ತುಳುನಾಡಿನ ಪ್ರಸಿದ್ಧ ಸಾಮೂಹಿಕ ಬೇಟೆ ಕೆಡ್ಡಸ ಹಬ್ಬದ್ದಾಗಿತ್ತು. ಆ ಹಬ್ಬ ಬರುವುದು ಫೆಬ್ರವರಿಯಲ್ಲಿ, ಮಳೆಯ ಸುಳಿವೇ ಇಲ್ಲದಾಗ. ಬೇಟೆಯೆಂದರೆ ಕೆಡ್ಡಸದ್ದೊಂದೇ ಆಗಿದ್ದರೆ ಚಕಮಕಿ ಕೋವಿಗೆ ಇಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆದ್ದರಿಂದ ಎಷ್ಟು ಮಳೆ ಎಂದು ಕೇಳುವುದಕ್ಕಿಂತ, ಮಳೆಯಲ್ಲಿ ಯಾರು, ಏಕೆ ಕೋವಿ ಹಿಡಿದು ಕೂರುತ್ತಿದ್ದರು ಎಂದು ಕೇಳಬೇಕು.

ಉತ್ತರ ಗದ್ದೆಯಲ್ಲಿದೆ. ಬೈಲುಗದ್ದೆಗೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ಮಜಲಿಗೆ ಎರಡು, ಮಳೆಯನ್ನೇ ನಂಬಿದ ಬೆಟ್ಟುಗದ್ದೆಗೆ ಏಣೆಲು ಒಂದೇ. ಗುಡ್ಡ–ಕಾಡಿಗೆ ಹತ್ತಿರವಿರುವುದು ಬೆಟ್ಟುಗದ್ದೆ. ಅಲ್ಲಿ ತೆನೆಗೆ ಹಾಲು ತುಂಬಿ ಹಂದಿ ಇಳಿಯುವ ಹೊತ್ತಿಗೆ ಮಳೆ ಇನ್ನೂ ಪೂರ್ತಿ ಹಿಂದೆ ಸರಿದಿರುವುದಿಲ್ಲ. ಸುಗ್ಗಿಯ ಬೆಳೆಯನ್ನು ಕಾಯುವವನಿಗೆ ಒಣ ರಾತ್ರಿಗಳಿವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಂದೇ ಕೋವಿಯ ಒಡೆಯ ಅದನ್ನು ಆರಿಸುವುದು ಅತಿ ಕಷ್ಟದ ರಾತ್ರಿಯನ್ನು ನೆನೆದು. ಬತ್ತಿಯ ಕೋವಿಗೂ ಬಟ್ಟಲಿದೆಯಲ್ಲ, ಅದು ಹೇಗೆ ನಡೆಯಿತು? ಕ್ಷಣಿಕ ಕಿಡಿಗಿಂತ ಕೆಂಡವಾಗಿ ಉರಿಯುವ ಬತ್ತಿ ತುಸು ತೇವದ ಮದ್ದನ್ನೂ ಹೊತ್ತಿಸೀತು. ಆರಿದರೆ ಕಾವಲಿನ ಅಟ್ಟದ ಬೆಂಕಿಯಲ್ಲಿ ಮತ್ತೆ ಹಚ್ಚಬಹುದು. ಗ್ನೈಸ್ ಮತ್ತು ಮುರಕಲ್ಲಿನ ಈ ನೆಲದಲ್ಲಿ ಒಳ್ಳೆಯ ಚಕಮಕಿ ಕಲ್ಲಿಗೆ ಪೇಟೆಯನ್ನೇ ನಂಬಬೇಕಿತ್ತು ಎಂಬ ಕಾರಣವನ್ನು ನಾನು ಹೆಚ್ಚು ಎಳೆಯಲಾರೆ: ಕೇಪನ್ನೂ ಪೇಟೆಯಿಂದಲೇ ತರಬೇಕಿತ್ತು.

ಇಲ್ಲಿಂದ ಮುಂದಿನ ಮಾತನ್ನು ಎಚ್ಚರದಿಂದ ಹೇಳುತ್ತೇನೆ. ಈ ಸೀಮೆಯ ಮಟ್ಟಿಗೆ, ಬೆಳೆ ಕಾಯುವ ಬೇಟೆಯಲ್ಲಾದರೂ, ಬತ್ತಿಯಿಂದ ಕೇಪಿಗೆ ಬಹುಪಾಲು ನೇರವಾಗಿ ದಾಟಿದಂತೆ ತೋರುತ್ತದೆ. ಚಕಮಕಿ ಇಲ್ಲಿ ಪ್ರಧಾನವಾಗಿ ಸಿಪಾಯಿಯ ಆಯುಧವಾಗಿ ಬಂದು ಹೋಗಿರಬಹುದು. ಬಾಯಿಮದ್ದಿನ ಕೋವಿ ಕೃಷಿಕನ ಸಲಕರಣೆ ಎಂಬ ತಿಳಿವಳಿಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮಿನಲ್ಲೂ ಇದೆ: ನಿಜವಾದ ಬೆಳೆರಕ್ಷಣೆಗೆ ಪರವಾನಗಿ ಕೊಡುವ ಮಾತು ಬರುವಾಗ ಅದು ಹೆಸರಿಸುವುದು ಈ ಕೋವಿಯನ್ನೇ. ಕಾಯ್ದೆ ಬಹಳ ತಡವಾದದ್ದು. ಅದನ್ನು ಒಡೆಯ ಯಾರೆಂದು ತೋರಿಸಲಷ್ಟೇ ಬಳಸುತ್ತಿದ್ದೇನೆ, ಯಾವಾಗ ಬದಲಾಯಿತೆಂದು ಸಾಧಿಸಲು ಅಲ್ಲ.

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ. ಬಟ್ಟಲು ಕಿತ್ತು, ಕೇಪು ಕೂರುವ ಮೊಲೆ ಜೋಡಿಸಿದರೆ ಚಕಮಕಿ ಕೋವಿಯೇ ಕೇಪಿನ ಕೋವಿಯಾಗುತ್ತದೆ. ಹಾಗಾಗಿ ಇಂದಿನ ಕೇಪು ನಿನ್ನೆಯ ಚಕಮಕಿಯನ್ನು ಮುಚ್ಚಿಟ್ಟಿರಬಹುದು. ಇಂಥ ಮಾರ್ಪಾಟು ಗುರುತು ಬಿಡುತ್ತದೆ: ಕುದುರೆಯ ಪಕ್ಕದ ಲೋಹದ ತಗಡಿನಲ್ಲಿ, ಹಿಂದೆ ಉಕ್ಕಿನ ಹಲಗೆ ಮತ್ತದರ ಸ್ಪ್ರಿಂಗು ನಿಂತಿದ್ದ ಕಡೆ, ತುಂಬಿ ಉಜ್ಜಿದ ತಿರುಪಿನ ತೂತುಗಳು. ಹಳೆಯ ಮನೆಗಳ ಕೋವಿಗಳಲ್ಲಿ ಇವು ಬಹುಸಂಖ್ಯೆಯಲ್ಲಿ ಕಂಡರೆ ನನ್ನ ವಾದ ಬೀಳುತ್ತದೆ. ಕಾಣದಿದ್ದರೂ ಪ್ರಶ್ನೆ ಮುಗಿಯದು. ಹೊರಗಿನಿಂದ ತಯಾರಾಗಿ ಬಂದ ಕೋವಿಗಳನ್ನು ಊರಿನ ಕಮ್ಮಾರರು ಕಟ್ಟಿದವುಗಳಿಂದ ಬೇರ್ಪಡಿಸಿ ನೋಡುವ ಕೆಲಸ ಬಾಕಿಯಿದೆ.