ಹದಿನೇಳು ಕ್ಯಾಂಪುಗಳು, ಏಳು ಚಿನ್ನ

ಹೋದ ತಿಂಗಳು ನನಗೆ ಇಪ್ಪತ್ತೆಂಟು ತುಂಬಿತು. ಆಫೀಸಿನಲ್ಲಿ ಕೇಕ್ ಕತ್ತರಿಸುವಾಗ ಗೆಳೆಯನೊಬ್ಬ "ಇನ್ನೇನಪ್ಪಾ, ಇನ್ನು ಹೊಟ್ಟೆ ಬರೋದು, ಕೂದಲು ಹೋಗೋದು, ಅಷ್ಟೇ" ಅಂತ ರೇಗಿಸಿದ. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಯಾಕೋ ಆ ಮಾತು ಕೊರೆಯತೊಡಗಿತು. ಎರಡನೇ ವರ್ಷದ ಇಂಜಿನಿಯರಿಂಗ್‌ನಲ್ಲಿ ನಿಲ್ಲಿಸಿದ ತಬಲಾ, ಅರ್ಧಕ್ಕೇ ಬಿಟ್ಟ ಈಜು, ಎಲ್ಲಾ ಸಾಲಾಗಿ ನೆನಪಾದವು. "ವಯಸ್ಸಾಯ್ತು ಬಿಡು" ಎಂದು ಸಮಾಧಾನ ಮಾಡಿಕೊಳ್ಳುತ್ತಾ ಹಳೇ ಒಲಿಂಪಿಕ್ಸ್ ಬಗ್ಗೆ ಏನೇನೋ ಓದುತ್ತಿದ್ದಾಗ ಸಿಕ್ಕಿದವನು ವಿಕ್ಟರ್ ಚುಕಾರಿನ್. ಅವನ ಕಥೆಯನ್ನು ನಿಮಗೂ ಹೇಳದೆ ಇರಲಾಗುತ್ತಿಲ್ಲ.

ಚುಕಾರಿನ್ ಹುಟ್ಟಿದ್ದು 1921ರ ನವೆಂಬರ್‌ನಲ್ಲಿ, ಉಕ್ರೇನಿನ ಮರಿಯುಪೋಲ್ ಸೀಮೆಯ ಒಂದು ಹಳ್ಳಿಯಲ್ಲಿ. ಅಪ್ಪ ಡಾನ್ ಕಡೆಯ ಕೊಸಾಕ್, ಅಮ್ಮ ಗ್ರೀಕ್ ಮೂಲದವಳು. ಶಾಲಾ ದಿನಗಳಲ್ಲೇ ಹತ್ತಿದ ಜಿಮ್ನಾಸ್ಟಿಕ್ಸ್ ಹುಚ್ಚು ಅವನನ್ನು ಯುದ್ಧಕ್ಕೆ ಮೊದಲೇ ಉಕ್ರೇನಿನ ಚಾಂಪಿಯನ್ ಮಾಡಿತ್ತು. ವಯಸ್ಸು ಇನ್ನೂ ಹತ್ತೊಂಬತ್ತು ದಾಟಿರಲಿಲ್ಲ. ಜಿಮ್ನಾಸ್ಟ್ ಒಬ್ಬನಿಗೆ ಇದಕ್ಕಿಂತ ಒಳ್ಳೆಯ ಆರಂಭ ಇನ್ನೇನು ಬೇಕು?

1941ರಲ್ಲಿ ಹಿಟ್ಲರನ ಸೇನೆ ಸೋವಿಯತ್ ಒಕ್ಕೂಟದೊಳಗೆ ನುಗ್ಗಿತು. ಚುಕಾರಿನ್ ಸೇನೆ ಸೇರಿದ. ಪೊಲ್ತಾವಾ ಬಳಿ ಗಾಯಗೊಂಡು ಜರ್ಮನ್ನರ ಕೈಗೆ ಸಿಕ್ಕಿಬಿದ್ದ. ಅಲ್ಲಿಂದ ಮುಂದೆ ನಾಲ್ಕು ವರ್ಷ, ಒಂದಲ್ಲ ಎರಡಲ್ಲ, ಹದಿನೇಳು ಕ್ಯಾಂಪುಗಳು. ಅದರಲ್ಲಿ ಬುಚೆನ್‌ವಾಲ್ಡ್ ಕೂಡ ಒಂದು. ಜರ್ಮನ್ನರಿಗೆ ಸಿಕ್ಕಿದ ಐವತ್ತು ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಸಿವು, ಚಳಿ, ರೋಗ, ಗುಂಡೇಟಿಗೆ ಸತ್ತರು ಎನ್ನುವುದು ಇತಿಹಾಸಕಾರರ ಲೆಕ್ಕ. ಬದುಕಿ ಉಳಿಯುವುದೇ ಅಲ್ಲಿ ದೊಡ್ಡ ಕಸರತ್ತು.

ಯುದ್ಧದ ಕೊನೆಯ ದಿನಗಳಲ್ಲಿ ಅವನನ್ನೂ ಇತರ ಕೈದಿಗಳನ್ನೂ ಸ್ಫೋಟಕ ತುಂಬಿದ ದೋಣಿಯಲ್ಲಿ ಹಾಕಿ ಸಮುದ್ರಕ್ಕೆ ಬಿಟ್ಟರಂತೆ, ಸಿಡಿಯುವ ಮೊದಲೇ ಬ್ರಿಟಿಷರು ಬಂದು ಉಳಿಸಿದರಂತೆ. ಮನೆ ತಲುಪಿದಾಗ ಅವನ ತೂಕ ನಲವತ್ತು ಕೆ.ಜಿ. ಬಾಗಿಲು ತೆಗೆದ ಅಮ್ಮನಿಗೆ ಮಗನ ಗುರುತೇ ಹತ್ತಲಿಲ್ಲ, ತಲೆಯ ಮೇಲಿನ ಹಳೇ ಗಾಯದ ಕಲೆ ನೋಡಿ ನಂಬಿದಳು ಎಂದು ಹೇಳುತ್ತಾರೆ.

ಇಲ್ಲಿಗೆ ಮುಗಿಯಲಿಲ್ಲ. ಸ್ಟಾಲಿನ್ 1941ರಲ್ಲೇ ಹೊರಡಿಸಿದ್ದ 270ನೇ ಆದೇಶ ಶತ್ರುವಿಗೆ ಶರಣಾಗುವವರನ್ನು ದ್ರೋಹಿಗಳ ಸಾಲಿಗೆ ಸೇರಿಸಿತ್ತು. ಜರ್ಮನ್ ಕ್ಯಾಂಪಿನಿಂದ ಬದುಕಿ ಬಂದವನು ಊರಿಗೆ ಬಂದು ಹಾರ ಹಾಕಿಸಿಕೊಳ್ಳುವುದಿರಲಿ, "ನೀನು ಹೇಗೆ ಬದುಕಿದೆ?" ಎಂಬ ವಿಚಾರಣೆಗೆ ಉತ್ತರ ಕೊಡಬೇಕಿತ್ತು. ಎಷ್ಟೋ ಜನರ ಹೆಸರಿನ ಮೇಲೆ ಆ ಅನುಮಾನದ ಮಸಿ ವರ್ಷಗಟ್ಟಲೆ ಉಳಿಯಿತು.

ಚುಕಾರಿನ್ ಲ್ವೀವ್ ನಗರದಲ್ಲಿ 1946ರಲ್ಲಿ ಹೊಸದಾಗಿ ಆರಂಭವಾದ ದೈಹಿಕ ಶಿಕ್ಷಣ ಸಂಸ್ಥೆಗೆ ಸೇರಿದ. ಜಿಮ್ನಾಸ್ಟಿಕ್ಸ್‌ನಲ್ಲಿ ಬ್ಯಾಟೂ ಇಲ್ಲ, ಬಾಲೂ ಇಲ್ಲ, ಎತ್ತಬೇಕಾದ ಭಾರ ನಿಮ್ಮದೇ ಮೈ. ಪೊಮ್ಮೆಲ್ ಹಾರ್ಸ್ ನೋಡಿದ್ದೀರಲ್ಲ? ಮೇಲೆ ಎರಡು ಹಿಡಿ ಇರುವ ಆ ಕುದುರೆಯಂಥ ಉಪಕರಣದ ಮೇಲೆ ಕೈ ಬದಲಿಸುತ್ತಾ, ಎರಡೂ ಕಾಲು ಜೋಡಿಸಿ ಗರಗರನೆ ಸುತ್ತಬೇಕು. ಕಾಲು ಒಂದಿಷ್ಟು ತಗುಲಿದರೂ ಅಂಕ ಹೋಯಿತು. ಮಾಂಸವೆಲ್ಲ ಕರಗಿಹೋಗಿದ್ದ ತೋಳಿಗೆ ಇದನ್ನು ಮತ್ತೆ ಮೊದಲಿನಿಂದ ಕಲಿಸಬೇಕಿತ್ತು.

1946ರ ಸೋವಿಯತ್ ಚಾಂಪಿಯನ್‌ಶಿಪ್‌ನಲ್ಲಿ ಅವನು ಹನ್ನೆರಡನೆಯವನು. ಮರುವರ್ಷ ಐದನೆಯವನು. 1949ರಲ್ಲಿ ಚಾಂಪಿಯನ್. ನಲವತ್ತು ಕೆ.ಜಿ.ಯಿಂದ ಇಲ್ಲಿಗೆ ಬರಲು ನಾಲ್ಕೇ ವರ್ಷ!

1952, ಹೆಲ್ಸಿಂಕಿ. ಸೋವಿಯತ್ ಒಕ್ಕೂಟ ಕಾಲಿಟ್ಟ ಮೊದಲ ಒಲಿಂಪಿಕ್ಸ್. ಆಗ ಆರು ಉಪಕರಣಗಳಲ್ಲೂ ಎರಡೆರಡು ಸುತ್ತು, ಒಂದು ಎಲ್ಲರಿಗೂ ಒಂದೇ ಆದ ಕಡ್ಡಾಯ ಕಸರತ್ತು, ಇನ್ನೊಂದು ತನ್ನಿಷ್ಟದ್ದು. ಒಟ್ಟು 120 ಅಂಕ. ಮೂವತ್ತು ವರ್ಷದ ಚುಕಾರಿನ್ ಗಳಿಸಿದ್ದು 115.70. ಅಂದರೆ ಸರಾಸರಿ ಹತ್ತಕ್ಕೆ 9.64! (ನನ್ನ ಅಪ್ರೈಸಲ್‌ನಲ್ಲಿ ಇಂಥದ್ದು ಎಂದೂ ಬಂದಿಲ್ಲ :) ) ಆಲ್‌ರೌಂಡ್, ತಂಡ, ಪೊಮ್ಮೆಲ್ ಹಾರ್ಸ್, ವಾಲ್ಟ್ ಸೇರಿ ನಾಲ್ಕು ಚಿನ್ನ, ಜೊತೆಗೆ ಎರಡು ಬೆಳ್ಳಿ. ಎರಡನೇ ಸ್ಥಾನ ಅರ್ಮೇನಿಯಾದ ಶಾಗಿನ್ಯಾನ್‌ಗೆ. ಅವನೂ ಯುದ್ಧದಲ್ಲಿ ಕಾಲಿಗೆ ಗಾಯ ಮಾಡಿಕೊಂಡು ಬಂದವನೇ. ಅದೇ ಕೂಟದಲ್ಲಿ ಚಿನ್ನ ಗೆದ್ದ ವೇಟ್‌ಲಿಫ್ಟರ್ ಇವಾನ್ ಉದೊದೊವ್ ಬುಚೆನ್‌ವಾಲ್ಡ್‌ನಿಂದ, ಕುಸ್ತಿಪಟು ಯಾಕೊವ್ ಪುಂಕಿನ್ ಜರ್ಮನ್ ಸೆರೆಯಿಂದ ಬದುಕಿ ಬಂದವರು. ತನ್ನದೇ ದೇಶ ಅನುಮಾನದಿಂದ ನೋಡಿದ ಜನರೇ ಆ ದೇಶದ ಬಾವುಟ ಮೇಲೇರಿಸಿದ್ದು ನೋಡಿ.

1954ರಲ್ಲಿ ರೋಮ್‌ನಲ್ಲಿ ತಂಡದ ಗೆಳೆಯ ವಲೆಂಟಿನ್ ಮುರಾಟೊವ್ ಜೊತೆ ಸಮಸಮವಾಗಿ ವಿಶ್ವ ಚಾಂಪಿಯನ್ ಆದ. 1956ರ ಮೆಲ್ಬರ್ನ್ ಹೊತ್ತಿಗೆ ಅವನಿಗೆ ಮೂವತ್ತೈದು. ಎದುರಾಳಿ ಜಪಾನಿನ ತಕಾಶಿ ಓನೊ, ಹತ್ತು ವರ್ಷ ಚಿಕ್ಕವನು. ಕೊನೆಗೆ ಚುಕಾರಿನ್ 114.25, ಓನೊ 114.20. ಅಂತರ ಬರೀ 0.05! ಹೀಗೆ ಆಲ್‌ರೌಂಡ್ ಪಟ್ಟವನ್ನು ಎರಡು ಬಾರಿ ಗೆದ್ದ ಗಂಡಸರು ಒಲಿಂಪಿಕ್ಸ್ ಇತಿಹಾಸದಲ್ಲಿ ಇದುವರೆಗೆ ನಾಲ್ಕೇ ಜನ: ಬ್ರಾಲಿಯಾ, ಚುಕಾರಿನ್, ಸವಾಓ ಕಾಟೊ, ಕೊಹೆಯಿ ಉಚಿಮುರ. ಪಾಪ ಓನೊ, 1960ರಲ್ಲೂ ಅಷ್ಟೇ 0.05ರಿಂದ ಬೋರಿಸ್ ಶಾಖ್ಲಿನ್‌ಗೆ ಸೋತ.

ಏಳು ಚಿನ್ನ, ಮೂರು ಬೆಳ್ಳಿ, ಒಂದು ಕಂಚು. ಇಷ್ಟಾದ ಮೇಲೆ ಚುಕಾರಿನ್ ತಾನು ಓದಿದ ಲ್ವೀವ್‌ನಲ್ಲೇ ಮೇಷ್ಟ್ರಾದ, 1984ರಲ್ಲಿ ಅಲ್ಲೇ ತೀರಿಕೊಂಡ. ಅವನು ಬೆಳೆದ ಮರಿಯುಪೋಲ್ 2022ರಲ್ಲಿ ಮತ್ತೊಂದು ಯುದ್ಧಕ್ಕೆ ಸಿಕ್ಕಿ ನೆಲಸಮವಾಯಿತು. ಈ ಬಾರಿ ಎಷ್ಟು ಜನ ಹುಡುಗರ ಜಿಮ್ನಾಸ್ಟಿಕ್ಸ್ ಅರ್ಧಕ್ಕೇ ನಿಂತಿತೋ.

"ನೋಡಿ, ಅವನು ಮೂವತ್ತಕ್ಕೆ ಗೆದ್ದ, ನಾವೂ ಗೆಲ್ಲಬಹುದು" ಅಂತ ಮುಗಿಸೋಣ ಅಂದುಕೊಂಡಿದ್ದೆ. ಆದರೆ ಅದು ಸುಳ್ಳಾಗುತ್ತದೆ. ಇಪ್ಪತ್ತರಿಂದ ಇಪ್ಪತ್ಮೂರರವರೆಗಿನ ಚುಕಾರಿನ್‌ನ ವರ್ಷಗಳನ್ನು ಬೇರೆಯವರು ಕಿತ್ತುಕೊಂಡರು. ನನ್ನ ತಬಲಾವನ್ನು ಯಾರೂ ಕಿತ್ತುಕೊಂಡಿಲ್ಲ, ಅದು ಅಟ್ಟದ ಮೇಲೆ ಹಾಗೇ ಇದೆ. ಅವನ ಕಥೆಯನ್ನು ನನ್ನ ಸೋಮಾರಿತನಕ್ಕೆ ಔಷಧಿ ಮಾಡಿಕೊಳ್ಳಲು ನಾಚಿಕೆಯಾಗುತ್ತದೆ.

ಆದರೂ ನಿನ್ನೆ ತಬಲಾ ಕೆಳಗಿಳಿಸಿ ಧೂಳು ಒರೆಸಿದೆ. ಅಷ್ಟು ಮಾತ್ರ ಹೇಳಬಲ್ಲೆ.