ಅಕ್ರಿಲಿಕ್ ಮೀನಿನ ತೊಟ್ಟಿಯ ಸಂದು ಸೋರಿದರೆ: ಸದಸ್ಯರ ಗಮನಕ್ಕೆ ಒಂದು ಮಾಹಿತಿ ಟಿಪ್ಪಣಿ



ಮನೆಯ ಚಾವಡಿ, ಶಾಲೆಯ ವರಾಂಡ, ವೈದ್ಯರಲ್ಲಿ ಕಾಯುವ ಕೋಣೆ, ವಾಚನಾಲಯ, ಹೀಗೆ ನಮ್ಮ ಊರುಗಳಲ್ಲಿ ಹಲವೆಡೆ ಮೀನಿನ ತೊಟ್ಟಿಗಳಿವೆ. ಹೆಚ್ಚಿನವು ಗಾಜಿನವು. ಹಗುರ, ಬೇಗ ಒಡೆಯುವುದಿಲ್ಲ ಎಂದು ಅಕ್ರಿಲಿಕ್ ತೊಟ್ಟಿ ತಂದವರೂ ಇದ್ದಾರೆ. ಗಾಜಿನ ತೊಟ್ಟಿ ಸೋರಿದರೆ ಸಿಲಿಕೋನ್ ಹಚ್ಚುವುದು ಎಲ್ಲರಿಗೂ ಗೊತ್ತು. ಅಕ್ರಿಲಿಕ್ಕಿಗೂ ಅದೇ ಮದ್ದು ಮಾಡಿದರೆ ನಾಲ್ಕು ದಿನ ನಿಂತು ಮತ್ತೆ ಸೋರುತ್ತದೆ.

ಕಾರಣ ಇಷ್ಟೇ: ಗಾಜನ್ನು ಅಂಟಿಸುತ್ತಾರೆ, ಅಕ್ರಿಲಿಕ್ಕನ್ನು ಬೆಸೆಯುತ್ತಾರೆ. ಗಾಜಿನ ತೊಟ್ಟಿಯಲ್ಲಿ ಎರಡು ಹಲಗೆಗಳನ್ನು ಹಿಡಿದಿಡುವುದು ನಡುವಿನ ರಬ್ಬರಿನಂತಹ ಸಿಲಿಕೋನ್. ಅಕ್ರಿಲಿಕ್ ತೊಟ್ಟಿಯಲ್ಲಿ ದ್ರಾವಕವೊಂದು ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ಬಳಿಕ ದ್ರಾವಕ ಆರಿ ಹೋಗುತ್ತದೆ. ಸಿಲಿಕೋನ್ ಅಕ್ರಿಲಿಕ್ಕನ್ನು ಗಟ್ಟಿಯಾಗಿ ಹಿಡಿಯದು, ಸಿಪ್ಪೆಯಂತೆ ಎದ್ದು ಬರುತ್ತದೆ. ಆದ್ದರಿಂದ ದುರಸ್ತಿಯೂ ಬೆಸುಗೆಯೇ ಆಗಬೇಕು.

ನಿಮ್ಮದು ಗಾಜೋ ಅಕ್ರಿಲಿಕ್ಕೋ?

ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಾಜು ಟಣ್ ಎನ್ನುತ್ತದೆ, ಅಕ್ರಿಲಿಕ್ಕಿನದು ಮಂದ ಸದ್ದು. ಒಂದೇ ದಪ್ಪದ ಹಲಗೆಯಾದರೆ ಅಕ್ರಿಲಿಕ್ಕಿನ ತೂಕ ಗಾಜಿನ ಅರ್ಧದಷ್ಟು ಮಾತ್ರ. ಮೂಲೆಯಲ್ಲಿ ರಬ್ಬರಿನಂತಹ ಪಟ್ಟಿ ಇದ್ದರೆ ಸಾಮಾನ್ಯವಾಗಿ ಅದು ಗಾಜು. ಮೂಲೆ ಪಾರದರ್ಶಕವಾಗಿ ಒಂದೇ ತುಂಡಿನಂತೆ ಕಂಡರೆ ಅಕ್ರಿಲಿಕ್.

ಮೊದಲು ನೀರು ಇಳಿಸಿ

ಪಸೆ ಕಂಡ ಕೂಡಲೇ ಪಂಪು, ದೀಪಗಳ ಸ್ವಿಚ್ ಆರಿಸಿ ಪ್ಲಗ್ ಕಿತ್ತ ನಂತರವೇ ನೀರಿಗೆ ಕೈ ಹಾಕಿ. ಬಳಿಕ ನೀರನ್ನು ಅರ್ಧಕ್ಕೆ ಇಳಿಸಿ. ಇದರಿಂದ ಆಗುವ ಲಾಭ ಲೆಕ್ಕದಲ್ಲಿ ನೋಡಿ. 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ತೊಟ್ಟಿ ತುಂಬಿದರೆ ಸುಮಾರು 182 ಲೀಟರ್, ಅಂದರೆ 182 ಕಿಲೋ ನೀರು. ಮುಂದಿನ ಹಲಗೆಯನ್ನು ಆ ನೀರು ಹೊರಕ್ಕೆ ತಳ್ಳುವ ಬಲ ಸುಮಾರು 91 ಕಿಲೋ ಭಾರಕ್ಕೆ ಸಮ. ನೀರು ಅರ್ಧಕ್ಕೆ ಇಳಿದರೆ ಅದು ಸುಮಾರು 23 ಕಿಲೋ ಆಗುತ್ತದೆ. ನೀರು ಅರ್ಧವಾದರೆ ಒತ್ತಡದ ಬಲ ಕಾಲು ಭಾಗ. ಯೋಚಿಸಲು ಸಮಯ ಸಿಗುವುದು ಇಲ್ಲಿಯೇ.

ಸೋರುವುದು ಎಲ್ಲಿಂದ?

ಸಂದನ್ನು ದೂರುವ ಮೊದಲು ಪಂಪಿನ ಕೊಳವೆ, ಗಾಳಿಯ ನಳಿಕೆ, ಮುಚ್ಚಳದಿಂದ ಸಿಡಿಯುವ ನೀರು ಇವನ್ನು ನೋಡಿ. ನೀರು ಕಡಿಮೆಯಾಗುವುದೆಲ್ಲ ಸೋರಿಕೆಯಲ್ಲ. ಮಾರ್ಚ್, ಏಪ್ರಿಲ್ ಸೆಕೆಗೆ ಆವಿಯಾಗಿಯೂ ಹೋಗುತ್ತದೆ. ಪಕ್ಕದಲ್ಲಿ ಒಂದು ತೆರೆದ ಬಕೆಟ್ ನೀರಿಟ್ಟು, ಎರಡರಲ್ಲೂ ಮಟ್ಟಕ್ಕೆ ಗುರುತು ಹಾಕಿ. ತೊಟ್ಟಿಯ ಮಟ್ಟ ಬಕೆಟ್ಟಿಗಿಂತ ಬೇಗ ಇಳಿದರೆ ಸೋರಿಕೆ ಇದೆ ಎಂದರ್ಥ. ಇಳಿಯುತ್ತಾ ಒಂದು ಎತ್ತರದಲ್ಲಿ ನಿಂತರೆ ತೂತು ಆ ಎತ್ತರದಲ್ಲಿದೆ.

ಹೊರಗಿನಿಂದ ಒಣಬಟ್ಟೆಯಲ್ಲಿ ಒರಸಿ, ಸಂದಿನ ಉದ್ದಕ್ಕೂ ಟಿಶ್ಯೂ ಕಾಗದ ಒತ್ತಿ ಇಡಿ. ಕಾಗದ ಒದ್ದೆಯಾದ ಕಡೆ ಪೆನ್ನಿನಿಂದ ಗುರುತು, ಪಕ್ಕದಲ್ಲಿ ತಾರೀಕು. ಕಡತದ ಅಭ್ಯಾಸದವನ ಸಲಹೆ ಇದು: ಬರೆದಿಟ್ಟದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಈಗ ಟಾರ್ಚ್ ಹಾಕಿ ಸಂದನ್ನೇ ನೋಡಿ.

1. ಸಂದು ಪಾರದರ್ಶಕ, ಅಲ್ಲಲ್ಲಿ ಸಣ್ಣ ಗುಳ್ಳೆಗಳು: ಇದು ತಯಾರಿಕೆಯ ಕಾಲದ್ದು. ಗುಳ್ಳೆಗಳು ಸಾಲಾಗಿ ಕೂಡಿದಲ್ಲಿ ಹನಿ ಬರಬಹುದು. ದುರಸ್ತಿ ಸಾಧ್ಯ.
2. ಸಂದಿನೊಳಗೆ ಬೆಳ್ಳಿಯಂತೆ ಹೊಳೆಯುವ ಪಟ್ಟೆ: ಹಲಗೆಗಳು ಬಿಡುತ್ತಿವೆ. ಪಟ್ಟೆಯ ತುದಿಗೆ ಗುರುತು ಹಾಕಿ. ವಾರದಲ್ಲಿ ಅದು ಗುರುತನ್ನು ದಾಟಿದರೆ ತೊಟ್ಟಿ ಖಾಲಿ ಮಾಡಿ.
3. ಜೇಡರ ಬಲೆಯಂತೆ ನವಿರಾದ ಬಿರುಕುಗಳು: ಹಲಗೆಯೇ ದಣಿದಿದೆ. ಸ್ಪಿರಿಟ್ ಅಥವಾ ಅಮೋನಿಯ ಇರುವ ಗಾಜು ಒರಸುವ ದ್ರವ ತಾಗಿದರೂ ಹೀಗಾಗುತ್ತದೆ. ಇದಕ್ಕೆ ಮದ್ದಿಲ್ಲ.

ಮೀನುಗಳನ್ನು ಎಲ್ಲಿಡುವುದು?

ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ, ಅದೇ ತೊಟ್ಟಿಯ ನೀರಿನಲ್ಲಿ, ಗಾಳಿ ಪಂಪಿನೊಂದಿಗೆ ಇಡಿ. ಫಿಲ್ಟರಿನ ಸ್ಪಂಜನ್ನೂ ಆ ನೀರಿನಲ್ಲೇ ಹಾಕಿ. ಮೀನಿನ ಹೊಲಸಿನ ಅಮೋನಿಯವನ್ನು ಅರಗಿಸುವ ಜೀವಾಣುಗಳು ಅದರಲ್ಲಿವೆ. ಸ್ಪಂಜು ಒಣಗಿದರೆ ಅವು ಸಾಯುತ್ತವೆ.

ಅವಸರದಲ್ಲಿ ಯಾರೂ ಮೀನುಗಳನ್ನು ಮದಕಕ್ಕೋ ಹೊಳೆಗೋ ಬಿಡಬಾರದು. 2018ರ ಮಹಾಪ್ರವಾಹದ ಬಳಿಕ ಕೇರಳದ ಹೊಳೆಗಳಲ್ಲಿ ಅರಪೈಮದಂತಹ ಪರದೇಶದ ಸಾಕುಮೀನುಗಳು ಸಿಕ್ಕಿದ್ದವು. ನಮ್ಮ ಚಂದ್ರಗಿರಿ, ಅಂದರೆ ಸುಳ್ಯದ ಕಡೆಯವರ ಪಯಸ್ವಿನಿ, ‘ಮಿಸ್ ಕೇರಳ’ ಎಂಬ ಕೆಂಪು ಗೆರೆಯ ಮೀನಿನ ಮನೆ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಾತ್ರ ಹುಟ್ಟುವ, ಅಳಿವಿನಂಚಿನ ಪಟ್ಟಿಗೆ ಸೇರಿದ ಮೀನದು. ಅದರ ಮನೆಗೆ ನಾವು ಪರದೇಶದ ಮೀನನ್ನು ನುಗ್ಗಿಸಬಾರದು.

ದುರಸ್ತಿಯ ಕ್ರಮ

ಕಾಲ: ಡಿಸೆಂಬರಿನಿಂದ ಫೆಬ್ರವರಿ ಉತ್ತಮ. ಆಟಿಯ ಮಳೆಯಲ್ಲಿ ಈ ಕೆಲಸ ಬೇಡ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಸಂದು ಬೆಳ್ಳಗಾಗಿ ದುರ್ಬಲವಾಗುತ್ತದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಮಳೆಗಾಲದಲ್ಲಿ ಸೋರಿದರೆ ಮೀನುಗಳನ್ನು ಟಬ್ಬಿನಲ್ಲೇ ಸಾಕಿ, ಒಣ ಹವೆಗೆ ಕಾಯಿರಿ.

ಸಾಮಗ್ರಿ: ಅಂಗಡಿಯಲ್ಲಿ ‘ಸೊಲ್ವೆಂಟ್’ ಎಂದಷ್ಟೇ ಕೇಳಿದರೆ ಪಿವಿಸಿ ಪೈಪಿನದನ್ನು ಕೊಡುತ್ತಾರೆ. ಅದು ಇದಕ್ಕೆ ಆಗದು. ಫೆವಿಕ್ವಿಕ್ ಗಡುಸಾಗಿ ಸಿಡಿಯುತ್ತದೆ. ಎಂ-ಸೀಲ್ ಹೊರಗಿನಿಂದ ಒಂದು ರಾತ್ರಿಯ ಹನಿ ತಡೆಯಲು ಸರಿ, ಅಷ್ಟೇ. ಬೇಕಾದದ್ದು ಅಕ್ರಿಲಿಕ್ಕಿನ ಗಟ್ಟಿ ಸಿಮೆಂಟು. ನಾಮಫಲಕ ಮಾಡುವವರು ಹಲಗೆ ಬೆಸೆಯಲು ಕ್ಲೋರೋಫಾರ್ಮಿನಂತಹ ನೀರಿನಂತೆ ತೆಳುವಾದ ದ್ರಾವಕ ಬಳಸುವುದುಂಟು. ಹೊಸ, ನುಣುಪಾದ ಅಂಚುಗಳಿಗೆ ಅದು ಸರಿ. ಪಾಚಿ, ಸುಣ್ಣದ ಕರೆ ಹಿಡಿದ ಹಳೆಯ ಸಂದಿಗೆ ಬಿಟ್ಟರೆ ಬೆಸೆಯುವುದಕ್ಕಿಂತ ಬಿರುಕು ತರುವುದೇ ಹೆಚ್ಚು.

ಕೆಲಸ:

1. ತೊಟ್ಟಿ ಖಾಲಿ ಮಾಡಿ ತೊಳೆಯಿರಿ. ಅಕ್ರಿಲಿಕ್ ಸ್ವಲ್ಪ ನೀರು ಹೀರುತ್ತದೆ. ಆದ್ದರಿಂದ ಫ್ಯಾನಿನ ಕೆಳಗೆ ನಾಲ್ಕೈದು ದಿನ ಒಣಗಿಸಿ. ಬಿಸಿಲಿಗೆ ಇಡಬೇಡಿ.
2. ಹಿಂದೆ ಸಿಲಿಕೋನ್ ಹಚ್ಚಿದ್ದರೆ ಪ್ಲಾಸ್ಟಿಕ್ ಪಟ್ಟಿಯಿಂದ ಪೂರ್ತಿ ಕೆರೆದು ತೆಗೆಯಿರಿ. ಅದರ ಲವಲೇಶ ಉಳಿದರೂ ಸಿಮೆಂಟು ಹಿಡಿಯದು.
3. ಸೋರುವ ಸಂದು ಅಡಿಯಲ್ಲಿ ಬರುವಂತೆ ತೊಟ್ಟಿಯನ್ನು ಓರೆಯಾಗಿ, ಅಲುಗದಂತೆ ನಿಲ್ಲಿಸಿ. ಸಿಮೆಂಟು ಮೂಲೆಯಲ್ಲೇ ನಿಲ್ಲಬೇಕು.
4. ಒಳಗಿನ ಮೂಲೆಯಲ್ಲಿ ಸಂದಿನ ಪೂರ್ತಿ ಉದ್ದಕ್ಕೆ ಸಿಮೆಂಟು ಎಳೆಯಿರಿ. ಗುರುತು ಮಾಡಿದ ಜಾಗಕ್ಕೆ ಮಾತ್ರ ಹಚ್ಚಿದರೆ ನೀರು ಪಕ್ಕದಲ್ಲಿ ದಾರಿ ಹುಡುಕುತ್ತದೆ.
5. ಇನ್ನೂ ಭದ್ರವಾಗಬೇಕಾದರೆ 10 ಮಿ.ಮೀ.ನ ಅಕ್ರಿಲಿಕ್ ಪಟ್ಟಿಯೊಂದನ್ನು ಆ ಮೂಲೆಗೆ ಸಿಮೆಂಟಿನಲ್ಲಿ ಕೂರಿಸಿ. ಹೊರಗಿನಿಂದ ಹಚ್ಚಿದ ತೇಪೆಯನ್ನು ನೀರು ತಳ್ಳುತ್ತದೆ. ಒಳಗಿನ ಪಟ್ಟಿಯನ್ನು ನೀರೇ ಒತ್ತಿ ಹಿಡಿಯುತ್ತದೆ.
6. ಕನಿಷ್ಠ ಒಂದು ವಾರ ಮುಟ್ಟಬೇಡಿ. ವಾಸನೆ ಪೂರ್ತಿ ಹೋಗಬೇಕು.

ಎಚ್ಚರಿಕೆ: ಈ ದ್ರಾವಕಗಳ ಹಬೆ ತಲೆ ಸುತ್ತಿಸುತ್ತದೆ, ಕ್ಲೋರೋಫಾರ್ಮ್ ಯಕೃತ್ತಿಗೆ ಕೆಡುಕು. ಮುಚ್ಚಿದ ಕೋಣೆಯಲ್ಲಿ, ಮಕ್ಕಳ ಎದುರು, ಒಲೆಯ ಸಮೀಪ ಮಾಡಬೇಡಿ. ಅಂಗಳದಲ್ಲಿ ಗಾಳಿ ಪಕ್ಕದಿಂದ ಬೀಸುವಂತೆ ಕೂತರೆ ಹಬೆ ಮುಖದಿಂದ ಆಚೆ ಹೋಗುತ್ತದೆ. ಬಟ್ಟೆಯ ಮಾಸ್ಕು ಈ ಹಬೆಯನ್ನು ತಡೆಯುವುದಿಲ್ಲ.

ಪರೀಕ್ಷೆ

ಮನೆಯ ಹೊರಗೆ ಸಮತಟ್ಟಾದ ಕಡೆ ಇಟ್ಟು ಮೊದಲ ದಿನ ಮೂರನೆಯ ಒಂದು, ಎರಡನೆಯ ದಿನ ಮೂರನೆಯ ಎರಡು, ಮೂರನೆಯ ದಿನ ಪೂರ್ತಿ ತುಂಬಿ. ಪ್ರತಿ ಸಲ ಟಿಶ್ಯೂ ಪರೀಕ್ಷೆ ಮಾಡಿ. ಪೂರ್ತಿ ತುಂಬಿದ ಮೇಲೆ ಒಂದು ವಾರ ಒಣಗಿದ್ದರೆ, ಆ ನೀರು ಚೆಲ್ಲಿ, ಹೊಸ ನೀರು ತುಂಬಿ ಮೀನು ಬಿಡಿ.

ಸಂದು ಬಿಡಲು ಮೂಲ ಕಾರಣ ಹೆಚ್ಚಾಗಿ ಸ್ಟ್ಯಾಂಡೇ. ಅಕ್ರಿಲಿಕ್ ಬಳುಕುತ್ತದೆ, ತಳ ಪೂರ್ತಿ ಹಲಗೆಯ ಮೇಲೆ ಕೂರಬೇಕು, ನಾಲ್ಕು ಕಾಲಿನ ಚೌಕಟ್ಟು ಸಾಲದು. ಇನ್ನೊಂದು ಕಾರಣ ಮೇಲಂಚಿನ ಅಡ್ಡಪಟ್ಟಿ. ಕೈ ಹಾಕಲು ಅಡ್ಡಿ ಎಂದು ಅದನ್ನು ಕತ್ತರಿಸಿದರೆ ಹಲಗೆಗಳು ಹೊರಕ್ಕೆ ಉಬ್ಬಿ ಸಂದನ್ನು ಎಳೆಯುತ್ತವೆ. ಇವೆರಡನ್ನು ಸರಿಪಡಿಸದೆ ಸಂದು ಬೆಸೆದರೆ ಶ್ರಮ ವ್ಯರ್ಥ.

ಯಾವಾಗ ಕೈಬಿಡಬೇಕು?

2022ರ ಡಿಸೆಂಬರ್ 16ರ ನಸುಕಿನಲ್ಲಿ ಬರ್ಲಿನ್ನಿನ ಹೋಟೆಲೊಂದರ ‘ಆಕ್ವಾಡೋಮ್’ ಎಂಬ ಅಕ್ರಿಲಿಕ್ ಸಿಲಿಂಡರು ಒಡೆದು ಸುಮಾರು 10 ಲಕ್ಷ ಲೀಟರ್ ನೀರು ಬೀದಿಗೆ ಹರಿಯಿತು. ಸುಮಾರು 1,500 ಮೀನುಗಳಲ್ಲಿ ಬಹುತೇಕ ಎಲ್ಲವೂ ಸತ್ತವು. ಅದು ದೊಡ್ಡ ನವೀಕರಣ ಮುಗಿದು ಅದೇ ವರ್ಷ ಮತ್ತೆ ತೆರೆದಿದ್ದ ತೊಟ್ಟಿ. ತಜ್ಞರ ತನಿಖೆ ಇದೇ ಕಾರಣ ಎಂದು ಖಚಿತವಾಗಿ ಹೇಳಲಿಲ್ಲ. ಬೆಸೆದ ಸಂದು ಬಿಟ್ಟಿರಬಹುದು ಎಂಬುದು ಸಂಭವನೀಯ ಕಾರಣಗಳಲ್ಲಿ ಒಂದು. ನಮ್ಮ ತೊಟ್ಟಿಗಳು ಅದರ ಎದುರು ಕೊಡಪಾನ. ಆದರೂ ಪಾಠ ಒಂದೇ: ಸಂದಿನ ಬಗ್ಗೆ ಸಂಶಯವಿದ್ದಾಗ ನೀರು ತುಂಬಬಾರದು.

ಆದ್ದರಿಂದ ಬೆಳ್ಳಿ ಪಟ್ಟೆ ಬೆಳೆಯುತ್ತಿದ್ದರೆ, ಜೇಡರ ಬಲೆ ಬಿರುಕು ಕಂಡರೆ, ತೊಟ್ಟಿ ಎರಡು ಅಡಿಗಿಂತ ಆಳವಿದ್ದು ತಳದ ಸಂದೇ ಬಿಟ್ಟಿದ್ದರೆ, ದುರಸ್ತಿ ಬೇಡ. ಅದರಲ್ಲಿ ಮಣ್ಣು ತುಂಬಿ ಜರೀಗಿಡ ಬೆಳೆಸಬಹುದು. ದುರಸ್ತಿಯಾದ ತೊಟ್ಟಿ ಎಷ್ಟೇ ಚೆನ್ನಾಗಿದ್ದರೂ ಶಾಲೆಯಲ್ಲಿ ಮಕ್ಕಳು ಕೂರುವ, ಓಡಾಡುವ ಕಡೆ ಇಡಬಾರದು ಎಂದು ಶಾಲಾ ಸಮಿತಿಗಳಲ್ಲಿರುವ ಸದಸ್ಯರಲ್ಲಿ ನನ್ನ ವಿಶೇಷ ವಿನಂತಿ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಕಾಸರಗೋಡು ಕಡೆಗಳಲ್ಲಿ ಅಕ್ರಿಲಿಕ್ ಬೆಸೆಯಬಲ್ಲ ಕೆಲಸಗಾರರು ತಮಗೆ ಗೊತ್ತಿದ್ದರೆ, ಅವರ ಒಪ್ಪಿಗೆ ಪಡೆದು ಸಂಘದ ಕಚೇರಿಗೆ ತಿಳಿಸಿರಿ. ಊರುವಾರು ಪಟ್ಟಿ ಮಾಡಿ ಇದೇ ಪುಟದಲ್ಲಿ ಹಾಕೋಣ.

ಇತಿ,
ಕಾರ್ಯದರ್ಶಿ